ಗಾಜಿನ ಹುಡುಗ ಕಂಡ ಕಪ್ಪು ಗೆರೆಗಳು

ನಿಮ್ಮ ಶಾಲೆಯ ಅಥವಾ ಮನೆಯ ಕಿಟಕಿಗೆ ಹಳೆಯ ಗಾಜು ಇದ್ದರೆ ಅದರ ಮುಂದೆ ನಿಂತು ತಲೆಯನ್ನು ನಿಧಾನವಾಗಿ ಆ ಕಡೆ ಈ ಕಡೆ ಆಡಿಸಿ ನೋಡಿ. ಹೊರಗಿನ ಲೈಟು ಕಂಬ ಒಮ್ಮೆ ಸೊಟ್ಟಗೆ, ಒಮ್ಮೆ ನೆಟ್ಟಗೆ ಕಾಣುತ್ತದೆ. ಕಂಬವೇನೂ ಅಲ್ಲಾಡುತ್ತಿಲ್ಲ. ಗಾಜು ಎಲ್ಲ ಕಡೆಯೂ ಒಂದೇ ಸಮನಾಗಿಲ್ಲ, ಅಷ್ಟೆ. ಕಿಟಕಿಗೆ ಇದರಿಂದ ತೊಂದರೆಯಿಲ್ಲ. ಆದರೆ ಇಂಥ ಗಾಜಿನಿಂದ ದೂರದರ್ಶಕದ ಮಸೂರ ಮಾಡಿದರೆ ಗತಿಯೇನು? ಚಂದ್ರನೂ ಸೊಟ್ಟ, ನಕ್ಷತ್ರವೂ ಸೊಟ್ಟ! ಇನ್ನೂರು ವರ್ಷಗಳ ಹಿಂದೆ ಈ ತೊಂದರೆಯನ್ನು ಬಗೆಹರಿಸಲು ಹೊರಟ ಒಬ್ಬ ಗಾಜಿನ ಕೆಲಸಗಾರರ ಕಥೆಯನ್ನು ಇಲ್ಲಿ ಹೇಳುತ್ತೇನೆ. ಅವರ ಹೆಸರು ಜೋಸೆಫ್ ಫ್ರೌನ್‌ಹೋಫರ್. ಒಳ್ಳೆಯ ಗಾಜು ಹುಡುಕುತ್ತಿದ್ದ ಅವರಿಗೆ ಸೂರ್ಯನ ಬೆಳಕಿನಲ್ಲಿ ಅಡಗಿದ್ದ ನೂರಾರು ಕಪ್ಪು ಗೆರೆಗಳು ಕಂಡವು. ಆ ಗೆರೆಗಳನ್ನು ಹಿಡಿದುಕೊಂಡೇ ವಿಜ್ಞಾನಿಗಳು ಇಂದು ಕಪ್ಪು ಕುಳಿಗಳವರೆಗೂ ಹೋಗಿದ್ದಾರೆ.

ಮನೆ ಕುಸಿದ ದಿನ

ಈಗಿನ ಜರ್ಮನಿಯ ದಕ್ಷಿಣ ಭಾಗವನ್ನು ಬವೇರಿಯಾ ಎನ್ನುತ್ತಾರೆ. ಅಲ್ಲಿ ಡ್ಯಾನ್ಯೂಬ್ ನದಿಯ ದಡದಲ್ಲಿ ಸ್ಟ್ರಾಬಿಂಗ್ ಎಂಬ ಊರಿದೆ. 1787ರ ಮಾರ್ಚ್ 6ರಂದು ಜೋಸೆಫ್ ಹುಟ್ಟಿದ್ದು ಅಲ್ಲಿ. ಮನೆಗೆ ಅವನು ಹನ್ನೊಂದನೆಯ ಮಗು, ಎಲ್ಲರಿಗಿಂತ ಕಿರಿಯ. ತಂದೆ ಗಾಜಿನ ಕೆಲಸದವರು. ಅಪ್ಪನ ಅಂಗಡಿಯಲ್ಲಿ ಗಾಜು ಕೊಯ್ಯುವುದು, ಉಜ್ಜುವುದು, ಚೌಕಟ್ಟಿಗೆ ಕೂರಿಸುವುದನ್ನು ನೋಡುತ್ತಲೇ ಹುಡುಗ ಬೆಳೆದ. ಶಾಲೆಯ ಓದು ಅಷ್ಟಕ್ಕಷ್ಟೆ. 1797ರಲ್ಲಿ ತಾಯಿ ತೀರಿಕೊಂಡರು. ಮರುವರ್ಷ ತಂದೆಯೂ ತೀರಿಕೊಂಡರು. ಆಗ ಅವನಿಗೆ ಹನ್ನೊಂದು ವರ್ಷ. ನಿಮ್ಮಲ್ಲಿ ಹಲವರದು ಅದೇ ವಯಸ್ಸು, ಅಲ್ಲವೇ?

ನೋಡಿಕೊಳ್ಳುವ ಹೊಣೆ ಹೊತ್ತವರು ಅವನನ್ನು ಮೊದಲು ಮರ ಕಡೆಯುವ ಕೆಲಸಕ್ಕೆ ಸೇರಿಸಲು ನೋಡಿದರು. ಹುಡುಗ ಬಡಕಲು. ಆ ಕೆಲಸಕ್ಕೆ ಬೇಕಾದ ಕಸುವು ಅವನಲ್ಲಿರಲಿಲ್ಲ. ಕೊನೆಗೆ ರಾಜಧಾನಿ ಮ್ಯೂನಿಕ್‌ನಲ್ಲಿ ಕನ್ನಡಿ ಮಾಡುವ ಒಬ್ಬ ಯಜಮಾನನ ಬಳಿ ಕೆಲಸ ಕಲಿಯಲು ಬಿಟ್ಟರು. ಕರಾರು ಆರು ವರ್ಷಗಳದ್ದು. ಸಂಬಳವಿಲ್ಲ. ಭಾನುವಾರ ಮತ್ತು ಹಬ್ಬದ ದಿನ ಕೆಲಸದ ಹುಡುಗರಿಗಾಗಿಯೇ ನಡೆಯುವ ಶಾಲೆಯೊಂದಿತ್ತು. ಯಜಮಾನ ಅಲ್ಲಿಗೂ ಕಳುಹಿಸುತ್ತಿರಲಿಲ್ಲ. ರಾತ್ರಿ ಓದೋಣವೆಂದರೆ ಅವನು ಮಲಗುವ ಕೋಣೆಗೆ ಕಿಟಕಿಯಿಲ್ಲ, ದೀಪ ಹಚ್ಚಲು ಅಪ್ಪಣೆಯೂ ಇಲ್ಲ. ಬೆಳಕಿನ ಬಗ್ಗೆ ಜಗತ್ತಿಗೇ ಹೊಸ ವಿಷಯ ತಿಳಿಸಿದವರು ಇಂಥ ಕತ್ತಲ ಕೋಣೆಯಿಂದ ಬಂದವರೆಂಬುದನ್ನು ನೆನಪಿಡಿ.

1801ರ ಜುಲೈ 21ರಂದು ಆ ಹಳೆಯ ಮನೆ ಇದ್ದಕ್ಕಿದ್ದಂತೆ ಕುಸಿದು ಬಿತ್ತು. ಯಜಮಾನನ ಹೆಂಡತಿ ಅಲ್ಲೇ ಸತ್ತರು. ಹದಿನಾಲ್ಕು ವರ್ಷದ ಜೋಸೆಫ್ ಕಲ್ಲು ಮರಗಳ ರಾಶಿಯ ಕೆಳಗೆ ಸಿಕ್ಕಿಬಿದ್ದ. ಮೇಲಿನಿಂದ ಬಿದ್ದ ತೊಲೆಗಳು ಒಂದಕ್ಕೊಂದು ಆತು ನಿಂತಿದ್ದರಿಂದ ಅವನ ತಲೆಯ ಮೇಲೆ ಸ್ವಲ್ಪ ಜಾಗ ಉಳಿದಿತ್ತು. ಹುಡುಗ ಕೂಗುವುದು ಹೊರಗೆ ಕೇಳಿಸುತ್ತಿತ್ತು. ಜನ ಗಂಟೆಗಟ್ಟಲೆ ಅವಶೇಷ ಸರಿಸಿದರು. ವಿಷಯ ತಿಳಿದು ಬವೇರಿಯಾದ ದೊರೆ ಮ್ಯಾಕ್ಸಿಮಿಲಿಯನ್ ಜೋಸೆಫ್ ಸ್ವತಃ ಅಲ್ಲಿಗೆ ಬಂದು ನಿಂತರು. ಕೊನೆಗೆ ಹುಡುಗನನ್ನು ಜೀವಂತವಾಗಿ ಹೊರಗೆ ತೆಗೆದರು. ದೊರೆ ಅವನಿಗೆ 18 ಡುಕಾಟ್, ಅಂದರೆ 18 ಚಿನ್ನದ ನಾಣ್ಯ ಕೊಟ್ಟರು.

ಕೈಗೆ ಅಷ್ಟು ಹಣ ಬಂದರೆ ನೀವು ಏನು ಮಾಡುತ್ತಿದ್ದಿರಿ? ಜೋಸೆಫ್ ಗಾಜು ಕೊರೆಯುವ ಒಂದು ಯಂತ್ರ ಕೊಂಡ. ಉಳಿದ ಹಣದಲ್ಲಿ ಕರಾರಿನ ಕೊನೆಯ ಆರು ತಿಂಗಳನ್ನು ಬಿಡಿಸಿಕೊಂಡ. ದೊರೆಯ ಜೊತೆ ಅಲ್ಲಿಗೆ ಬಂದಿದ್ದ ಉಟ್‌ಷ್ನೈಡರ್ ಎಂಬ ಅಧಿಕಾರಿಗೆ ಈ ಹುಡುಗನ ಮೇಲೆ ಆಸಕ್ತಿ ಹುಟ್ಟಿತು. ಅವರು ಗಣಿತ ಮತ್ತು ಬೆಳಕಿನ ಶಾಸ್ತ್ರದ ಪುಸ್ತಕಗಳನ್ನು ತಂದುಕೊಟ್ಟರು. ಮನೆ ಕುಸಿದದ್ದೇ ಅವನ ಭಾಗ್ಯ ಎಂದು ಕೆಲವರು ಬರೆಯುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಅಲ್ಲಿ ಒಂದು ಜೀವ ಹೋಗಿತ್ತು. ಅಲ್ಲದೆ ಚಿನ್ನ ಬಂದೊಡನೆ ಅವನ ಕಷ್ಟವೇನೂ ಮುಗಿಯಲಿಲ್ಲ. ಹೆಸರಿನ ಚೀಟಿಗಳನ್ನು ಕೆತ್ತಿ ಅಚ್ಚು ಹಾಕುವ ಸ್ವಂತ ಕಸುಬು ಶುರುಮಾಡಿದ. ಅದು ಯುದ್ಧದ ಕಾಲ. ಗಿರಾಕಿಗಳು ಬರಲಿಲ್ಲ. ಹಳೆಯ ಕೆಲಸಕ್ಕೇ ಹಿಂದಿರುಗಬೇಕಾಯಿತು.

ಮಠದೊಳಗಿನ ಗಾಜಿನ ಕುಲುಮೆ

ಉಟ್‌ಷ್ನೈಡರ್ ಆ ಹುಡುಗನನ್ನು ಮರೆತಿರಲಿಲ್ಲ. ಅವರು ಇಬ್ಬರು ಜೊತೆಗಾರರೊಂದಿಗೆ ಸೇರಿ ಅಳತೆಯ ಉಪಕರಣಗಳ ಕಾರ್ಖಾನೆ ನಡೆಸುತ್ತಿದ್ದರು. ಬವೇರಿಯಾದ ನೆಲವನ್ನೆಲ್ಲ ಅಳೆದು ನಕ್ಷೆ ಮಾಡುವ ಕೆಲಸ ಆಗ ನಡೆದಿತ್ತು. ಸೈನ್ಯಕ್ಕೂ ಉಪಕರಣ ಬೇಕಿತ್ತು. ಅವುಗಳಲ್ಲಿ ಕೂರಿಸುವ ದೂರದರ್ಶಕಕ್ಕೆ ಒಳ್ಳೆಯ ಗಾಜು ಇಂಗ್ಲೆಂಡಿನಿಂದ ಬರಬೇಕು. ಯುದ್ಧದಿಂದಾಗಿ ಅದು ಸಿಗುವುದು ಕಷ್ಟವಾಯಿತು. ಹಾಗಾದರೆ ಗಾಜನ್ನು ನಾವೇ ಮಾಡೋಣ ಎಂದು ಅವರು ತೀರ್ಮಾನಿಸಿದರು. 1806ರಲ್ಲಿ ಫ್ರೌನ್‌ಹೋಫರ್ ಆ ಕಾರ್ಖಾನೆಗೆ ಸೇರಿದರು. ಆಗ ಅವರಿಗೆ 19 ವರ್ಷ.

ಕಾರ್ಖಾನೆಯ ಗಾಜಿನ ವಿಭಾಗ ಮ್ಯೂನಿಕ್‌ನಿಂದ ದಕ್ಷಿಣಕ್ಕೆ, ಆಲ್ಪ್ಸ್ ಪರ್ವತದ ತಪ್ಪಲಿನ ಬೆನೆಡಿಕ್ಟ್‌ಬಾಯರ್ನ್ ಎಂಬಲ್ಲಿತ್ತು. ಅದು ನೂರಾರು ವರ್ಷಗಳ ಹಳೆಯ ಕ್ರೈಸ್ತ ಮಠ. 1803ರಲ್ಲಿ ಸರ್ಕಾರ ಮಠವನ್ನು ಮುಚ್ಚಿಸಿತ್ತು. ಸಂನ್ಯಾಸಿಗಳು ಇದ್ದ ಜಾಗದಲ್ಲಿ ಈಗ ಕುಲುಮೆಗಳು ಉರಿಯತೊಡಗಿದವು. ಸ್ವಿಟ್ಜರ್ಲೆಂಡಿನ ಗಿನಾನ್ ಎಂಬ ಗಾಜು ತಜ್ಞರು ಅಲ್ಲಿದ್ದರು. ಅವರ ಬಳಿ ಒಂದು ಗುಟ್ಟಿತ್ತು.

ಆ ಗುಟ್ಟು ಏನೆಂದು ಕೇಳಿ. ಬೆಲ್ಲದ ಪಾಕವನ್ನು ಕೈಯಾಡಿಸದೆ ಬಿಟ್ಟರೆ ಏನಾಗುತ್ತದೆ? ತಳದಲ್ಲಿ ಒಂದು ಹದ, ಮೇಲೆ ಒಂದು ಹದ. ದೂರದರ್ಶಕಕ್ಕೆ ಬೇಕಾದ ಒಂದು ಬಗೆಯ ಗಾಜಿನಲ್ಲಿ ಸೀಸದ ಅಂಶ ಇರುತ್ತದೆ. ಅದಕ್ಕೆ ಫ್ಲಿಂಟ್ ಗಾಜು ಎಂದು ಹೆಸರು. ಕರಗಿದಾಗ ಭಾರವಾದ ಸೀಸ ಕೆಳಗೆ ಇಳಿಯುತ್ತದೆ. ತಣ್ಣಗಾದ ಮೇಲೆ ನೋಡಿದರೆ ಗಾಜಿನ ತುಂಬ ಎಳೆಗಳು, ಗುಳ್ಳೆಗಳು. ಗಿನಾನ್ ಸುಟ್ಟ ಜೇಡಿಮಣ್ಣಿನ ಉದ್ದನೆಯ ಕೋಲಿನಿಂದ ಆ ಕುದಿಯುವ ಗಾಜನ್ನು ಕಲಕುತ್ತಿದ್ದರು. ಕಬ್ಬಿಣದ ಕೋಲು ಹಾಕಿದರೆ ಗಾಜು ಕೆಡುತ್ತದೆ, ಮರದ ಕೋಲು ಉರಿದುಹೋಗುತ್ತದೆ. ಫ್ರೌನ್‌ಹೋಫರ್ ಅವರಿಂದ ಈ ವಿದ್ಯೆ ಕಲಿತರು. ಆಮೇಲೆ ಎಷ್ಟು ಬಿಸಿ, ಎಷ್ಟು ಹೊತ್ತು, ಯಾವುದು ಎಷ್ಟು ಪಾಲು ಎಂದು ಒಂದೊಂದನ್ನೂ ಬದಲಿಸಿ ನೋಡಿ, ಗಿನಾನರಿಗಿಂತಲೂ ಉತ್ತಮ ಗಾಜು ತೆಗೆದರು. ಇಬ್ಬರಿಗೂ ಸರಿಹೋಗದೆ 1814ರಲ್ಲಿ ಗಿನಾನ್ ಊರಿಗೆ ಹಿಂದಿರುಗಿದರು.

ಸೀಸದ ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಈ ಮಾತು ಆಮೇಲೆ ಮತ್ತೆ ಬರುತ್ತದೆ.

ಬಣ್ಣಗಳಿಗೆ ಗಡಿಕಲ್ಲು

ಒಳ್ಳೆಯ ಗಾಜು ಬಂದರೂ ಮಸೂರಕ್ಕೆ ಇನ್ನೊಂದು ತೊಂದರೆ ಇದ್ದೇ ಇತ್ತು. ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ ಎಂದು ನಿಮ್ಮ ಪಾಠದಲ್ಲಿ ಓದಿದ್ದೀರಿ. ಗಾಜಿನ ಮೂಲಕ ಹೋಗುವಾಗ ನೇರಳೆ ಬಣ್ಣ ಹೆಚ್ಚು ಬಾಗುತ್ತದೆ, ಕೆಂಪು ಕಡಿಮೆ ಬಾಗುತ್ತದೆ. ಹಾಗಾಗಿ ಒಂದೇ ಮಸೂರದಲ್ಲಿ ನೋಡಿದರೆ ನಕ್ಷತ್ರದ ಸುತ್ತ ಬಣ್ಣದ ಅಂಚು ಕಾಣಿಸುತ್ತದೆ. ಎರಡು ಬಗೆಯ ಗಾಜಿನ ಮಸೂರಗಳನ್ನು ಜೋಡಿಸಿದರೆ ಒಂದರ ದೋಷವನ್ನು ಇನ್ನೊಂದು ಕಳೆಯುತ್ತದೆ. ಆದರೆ ಯಾವ ಗಾಜು ಯಾವ ಬಣ್ಣವನ್ನು ಎಷ್ಟು ಬಾಗಿಸುತ್ತದೆ ಎಂಬ ಲೆಕ್ಕ ಕರಾರುವಾಕ್ಕಾಗಿ ಬೇಕು.

ಇಲ್ಲಿಯೇ ಕಷ್ಟ. ಮುಂದಿನ ಸಲ ಕಾಮನಬಿಲ್ಲು ಕಂಡಾಗ ಹಳದಿ ಎಲ್ಲಿ ಮುಗಿದು ಕಿತ್ತಳೆ ಎಲ್ಲಿ ಶುರುವಾಗುತ್ತದೆ ಎಂದು ಗೆಳೆಯರ ಜೊತೆ ನೋಡಿ. ಒಬ್ಬೊಬ್ಬರು ಒಂದೊಂದು ಜಾಗ ತೋರಿಸುತ್ತೀರಿ. ಬದುವೂ ಇಲ್ಲ, ಗಡಿಕಲ್ಲೂ ಇಲ್ಲದ ಹೊಲವನ್ನು ಅಳೆದಂತೆ ಅದು. ಫ್ರೌನ್‌ಹೋಫರ್ ಅವರಿಗೆ ಬಣ್ಣಗಳ ಪಟ್ಟಿಯಲ್ಲಿ, ಅಂದರೆ ರೋಹಿತದಲ್ಲಿ, ಅಲುಗಾಡದ ಒಂದು ಗುರುತು ಬೇಕಿತ್ತು.

ಅಂಥ ಒಂದು ಗುರುತು ಅವರಿಗೆ ದೀಪದ ಬೆಳಕಿನಲ್ಲಿ ಸಿಕ್ಕಿತು. ದೀಪದ ಬೆಳಕನ್ನು ಪಟ್ಟಕದ ಮೂಲಕ ನೋಡಿದಾಗ ಹಳದಿಯ ಜಾಗದಲ್ಲಿ ಎದ್ದು ಕಾಣುವ ಹೊಳಪಿನ ಗೆರೆಯಿತ್ತು. ಸೌದೆ ಒಲೆಯ ಮೇಲೆ ಉಪ್ಪು ಹಾಕಿದ ಅನ್ನದ ಗಂಜಿ ಉಕ್ಕಿ ಬೆಂಕಿಗೆ ಬಿದ್ದರೆ ಜ್ವಾಲೆ ಒಂದು ಕ್ಷಣ ಹಳದಿಯಾಗುತ್ತದೆ, ನೋಡಿದ್ದೀರಾ? ಅದೇ ಹಳದಿ. ಸೂರ್ಯನ ಬೆಳಕಿನಲ್ಲೂ ಇಂಥ ಹೊಳಪಿನ ಗೆರೆ ಇರಬಹುದು ಎಂದು ಅವರು ಊಹಿಸಿದರು.

1814ರಲ್ಲಿ ಅವರು ಒಂದು ಕೋಣೆಯನ್ನು ಕತ್ತಲು ಮಾಡಿದರು. ಕಿಟಕಿಯ ಬಾಗಿಲಲ್ಲಿ ಕೂದಲೆಳೆಯಂಥ ಸಣ್ಣ ಸೀಳು ಬಿಟ್ಟರು. ಅಲ್ಲಿಂದ 24 ಅಡಿ ದೂರದಲ್ಲಿ ತಾವೇ ಮಾಡಿದ ಗಾಜಿನ ಪಟ್ಟಕ ಇಟ್ಟರು. ನ್ಯೂಟನ್ ಹಿಂದೆ ಬಣ್ಣಗಳನ್ನು ಗೋಡೆಯ ಮೇಲೆ ಬೀಳಿಸಿ ನೋಡಿದ್ದರು. ಫ್ರೌನ್‌ಹೋಫರ್ ಹಾಗೆ ಮಾಡದೆ, ಪಟ್ಟಕದಿಂದ ಹೊರಬಂದ ಬೆಳಕನ್ನು ನೆಲ ಅಳೆಯುವ ಉಪಕರಣದ ದೂರದರ್ಶಕದಲ್ಲಿ ನೇರವಾಗಿ ನೋಡಿದರು. ಹೊಳಪಿನ ಗೆರೆ ಕಾಣಲಿಲ್ಲ. ಅದರ ಬದಲು ಕೆಂಪಿನಿಂದ ನೇರಳೆಯವರೆಗೆ ಕಪ್ಪು ಗೆರೆಗಳೇ ಗೆರೆಗಳು! ಕೆಲವು ದಪ್ಪ, ಕೆಲವು ತೆಳು, ಕೆಲವು ಕಣ್ಣಿಗೆ ಸಿಕ್ಕೂ ಸಿಗದಂತೆ.

ಇದು ಗಾಜಿನ ದೋಷವೇ? ಪಟ್ಟಕ ಬದಲಿಸಿದರು. ಸೀಳಿನ ಅಗಲ ಬದಲಿಸಿದರು. ದೂರ ಬದಲಿಸಿದರು. ಗೆರೆಗಳು ಇದ್ದ ಬಣ್ಣದಲ್ಲೇ ಇದ್ದವು. ಹಾಗಾದರೆ ಅವು ಬೆಳಕಿನಲ್ಲೇ ಇವೆ ಎಂದಾಯಿತು. ಕುಳಿತು ಎಣಿಸಿದರು: 574. ದಪ್ಪವಾಗಿ ಕಂಡವುಗಳಿಗೆ ಕೆಂಪಿನ ತುದಿಯಿಂದ ಎ, ಬಿ, ಸಿ, ಡಿ ಎಂದು ಅಕ್ಷರಗಳ ಹೆಸರಿಟ್ಟರು. ಇವುಗಳಲ್ಲಿ ಸಿ, ಡಿ, ಎಫ್ ಈ ಮೂರನ್ನು ಮನಸ್ಸಿನಲ್ಲಿಡಿ, ಮುಂದೆ ಬೇಕಾಗುತ್ತವೆ. 1802ರಲ್ಲೇ ಇಂಗ್ಲೆಂಡಿನ ವೊಲಾಸ್ಟನ್ ಇಂಥ ಕೆಲವು ಗೆರೆಗಳನ್ನು ನೋಡಿದ್ದರು. ಆದರೆ ಅವರು ಅವುಗಳನ್ನು ಬಣ್ಣ ಬಣ್ಣಗಳ ನಡುವಿನ ಗಡಿ ಎಂದುಕೊಂಡು ಸುಮ್ಮನಾಗಿದ್ದರು.

ಫ್ರೌನ್‌ಹೋಫರ್ ಸುಮ್ಮನಾಗಲಿಲ್ಲ. ಶುಕ್ರಗ್ರಹದ ಬೆಳಕಿನಲ್ಲಿ ನೋಡಿದರು. ಸೂರ್ಯನ ಗೆರೆಗಳೇ ಕಂಡವು. ಚಂದ್ರನ ಬೆಳಕೂ ಹಾಗೆಯೇ. ಅವೆರಡೂ ಸೂರ್ಯನಿಂದ ಎರವಲು ಪಡೆದ ಬೆಳಕು ತಾನೇ! ಆಮೇಲೆ ಲುಬ್ಧಕ ನಕ್ಷತ್ರದತ್ತ ತಿರುಗಿದರು. ಅಲ್ಲಿ ಬೇರೆಯೇ ನಮೂನೆ, ಅಗಲವಾದ ಕೆಲವೇ ಪಟ್ಟಿಗಳು. ಮುಂದೆ 1823ರಲ್ಲಿ ಬ್ರಹ್ಮಹೃದಯ, ಆರ್ದ್ರಾ, ಪುನರ್ವಸು ಮೊದಲಾದ ನಕ್ಷತ್ರಗಳನ್ನೂ ಹೀಗೆಯೇ ಪರೀಕ್ಷಿಸಿದರು. ಕೆಲವು ಸೂರ್ಯನಂತಿದ್ದವು, ಕೆಲವು ಹಾಗಿರಲಿಲ್ಲ. ನಕ್ಷತ್ರಗಳೆಲ್ಲ ಒಂದೇ ಬಗೆಯವಲ್ಲ ಎಂದು ಅಳತೆಯಿಂದ ಮೊದಲು ಕಂಡವರು ಈ ಗಾಜಿನ ಕೆಲಸಗಾರರು.

ಇನ್ನೊಂದು ವಿಷಯವನ್ನೂ ಅವರು ಗಮನಿಸಿದರು. ಸೂರ್ಯನ ಬೆಳಕಿನಲ್ಲಿ ಡಿ ಎಂಬ ಕಪ್ಪು ಗೆರೆ ಎಲ್ಲಿತ್ತೋ, ದೀಪದ ಬೆಳಕಿನಲ್ಲಿ ಹೊಳಪಿನ ಹಳದಿ ಗೆರೆ ಸರಿಯಾಗಿ ಅಲ್ಲೇ ಇತ್ತು. ಏಕೆ? ಅದು ಅವರಿಗೆ ಗೊತ್ತಾಗಲಿಲ್ಲ. ಗೊತ್ತಿಲ್ಲದ್ದಕ್ಕೆ ಅವರು ಕಥೆ ಕಟ್ಟಲೂ ಇಲ್ಲ. ಕಂಡದ್ದನ್ನು ಕಂಡಂತೆ ಬರೆದು, ಚಿತ್ರಕ್ಕೆ ತಾವೇ ಬಣ್ಣ ಹಾಕಿ, ಮಸೂರದ ಕೆಲಸಕ್ಕೆ ಹಿಂದಿರುಗಿದರು.

ಪಂಡಿತರ ನಡುವೆ

ಗಡಿಕಲ್ಲು ಸಿಕ್ಕಿದ ಮೇಲೆ ಅವರ ಮಸೂರಗಳಿಗೆ ಯುರೋಪಿನಲ್ಲಿ ಸಾಟಿ ಇಲ್ಲದಂತಾಯಿತು. ಆದರೆ ಬವೇರಿಯಾದ ವಿಜ್ಞಾನ ಅಕಾಡೆಮಿಗೆ ಅವರನ್ನು ಸದಸ್ಯರನ್ನಾಗಿ ತೆಗೆದುಕೊಳ್ಳಬೇಕೆಂಬ ಮಾತು ಬಂದಾಗ ಕೆಲವು ಪಂಡಿತರು ಅಡ್ಡಿಪಡಿಸಿದರು. ಈತ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದವನಲ್ಲ, ಗಾಜು ಉಜ್ಜುವ ಕೆಲಸಗಾರ ಎಂಬುದು ಅವರ ತಕರಾರು. ಕೊನೆಗೂ ಸದಸ್ಯತ್ವ ಸಿಕ್ಕಿತು. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಫ್ರೌನ್‌ಹೋಫರ್ ತಮ್ಮ ಗಾಜು ಮಾಡುವ ವಿಧಾನವನ್ನು ಯಾರಿಗೂ ಹೇಳುತ್ತಿರಲಿಲ್ಲ. ಅದು ಕಾರ್ಖಾನೆಯ ಗುಟ್ಟು. ಇಂಗ್ಲೆಂಡಿನಿಂದ ಬಂದ ವಿಜ್ಞಾನಿಗಳೂ ಕುಲುಮೆಯ ಹೊರಗೇ ಉಳಿಯಬೇಕಾಗಿತ್ತು. ವಿಜ್ಞಾನದಲ್ಲಿ ಕಂಡದ್ದನ್ನೆಲ್ಲ ಹಂಚಿಕೊಳ್ಳಬೇಕು, ವ್ಯಾಪಾರದಲ್ಲಿ ಗುಟ್ಟು ಕಾಯಬೇಕು. ಅವರು ಎರಡರ ನಡುವೆ ನಿಂತಿದ್ದರು.

1821ರಲ್ಲಿ ಅವರು ಇನ್ನೊಂದು ಸಾಧನ ಮಾಡಿದರು. ಎರಡು ಸಣ್ಣ ಸ್ಕ್ರೂಗಳ ನಡುವೆ ತೆಳುವಾದ 260 ತಂತಿಗಳನ್ನು ಒಂದರ ಪಕ್ಕ ಒಂದು ಸುತ್ತಿದರು. ಆ ಸಂದುಗಳ ಮೂಲಕ ಬಂದ ಬೆಳಕು ಪಟ್ಟಕವಿಲ್ಲದೆಯೇ ಬಣ್ಣಗಳಾಗಿ ಒಡೆಯಿತು. ಇದಕ್ಕೆ ವಿವರ್ತನ ಜಾಲರಿ ಎಂದು ಹೆಸರು. ಮುಂದೆ ವಜ್ರದ ಮೊನೆಯಿಂದ ಗಾಜಿನ ಮೇಲೆ ಗೆರೆ ಕೊರೆದು ಇನ್ನೂ ಸೂಕ್ಷ್ಮವಾದವನ್ನು ಮಾಡಿದರು. ಇದರಿಂದ ಬೆಳಕಿನ ಅಲೆಯ ಉದ್ದವನ್ನೇ ಅಳೆದರು. ಡಿ ಗೆರೆಯ ಬೆಳಕಿನ ಅಲೆ ಎಷ್ಟು ಚಿಕ್ಕದು ಗೊತ್ತೇ? ನಿಮ್ಮ ಅಳತೆಪಟ್ಟಿಯ ಒಂದು ಮಿಲಿಮೀಟರಿನೊಳಗೆ ಅಂಥ ಸುಮಾರು 1700 ಅಲೆಗಳು ಹಿಡಿಯುತ್ತವೆ. ಅವರು ಪಡೆದ ಅಳತೆ ಇಂದಿನ ಅಳತೆಗೆ ಬಹಳ ಹತ್ತಿರವಾಗಿತ್ತು.

ಇದನ್ನು ನೀವೂ ಕಾಣಬಹುದು. ಹಳೆಯ ಸಿ.ಡಿ. ಒಂದು ಸಿಕ್ಕರೆ ಅದರ ಹೊಳೆಯುವ ಬದಿಯಲ್ಲಿ ಟ್ಯೂಬ್‌ಲೈಟಿನ ಪ್ರತಿಫಲನವನ್ನು ಓರೆಯಾಗಿ ಹಿಡಿದು ನೋಡಿ. ಸಿ.ಡಿ.ಯ ಮೇಲಿನ ಸೂಕ್ಷ್ಮ ಗೆರೆಗಳು ಜಾಲರಿಯ ಕೆಲಸ ಮಾಡುತ್ತವೆ. ಹಳೆಯ ಟ್ಯೂಬ್‌ಲೈಟಿನ ಬಣ್ಣಗಳು ತುಂಡು ತುಂಡಾಗಿ ಕಾಣುತ್ತವೆ, ಎಲ್.ಇ.ಡಿ. ಬಲ್ಬಿನವು ಒಂದಕ್ಕೊಂದು ಬೆರೆತಿರುತ್ತವೆ. ಸೂರ್ಯನನ್ನು ಮಾತ್ರ ನೇರವಾಗಿಯಾಗಲಿ, ಸಿ.ಡಿ.ಯಲ್ಲಾಗಲಿ ನೋಡಲೇಬೇಡಿ.

1824ರಲ್ಲಿ ಫ್ರೌನ್‌ಹೋಫರ್ ಮಾಡಿದ ದೊಡ್ಡ ದೂರದರ್ಶಕವೊಂದು ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಡೋರ್ಪಾಟ್ ಎಂಬ ಊರಿಗೆ ತಲುಪಿತು. ಈಗ ಆ ಊರು ಎಸ್ಟೋನಿಯಾ ದೇಶದಲ್ಲಿದೆ, ಹೆಸರು ಟಾರ್ಟು. ದೂರದರ್ಶಕದ ಮಸೂರದ ಅಗಲ 24 ಸೆಂಟಿಮೀಟರ್, ಅಂದರೆ ಸುಮಾರಾಗಿ ಒಂದು ಊಟದ ತಟ್ಟೆಯಷ್ಟು. ಇಷ್ಟೇನಾ ಎನ್ನಬೇಡಿ. ಆ ಕಾಲದಲ್ಲಿ ಮಸೂರದ ದೂರದರ್ಶಕಗಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಭೂಮಿ ತಿರುಗುವುದರಿಂದ ನಕ್ಷತ್ರ ಸರಿಯುತ್ತದಲ್ಲ, ಅದರ ಜೊತೆಗೇ ದೂರದರ್ಶಕವೂ ತಾನಾಗಿ ತಿರುಗಲು ಗಡಿಯಾರದಂಥ ಯಂತ್ರ ಅಳವಡಿಸಿದ್ದರು. ಅದರಲ್ಲಿ ಸ್ಟ್ರೂವೆ ಎಂಬ ಖಗೋಳ ವಿಜ್ಞಾನಿ ಒಂದು ಲಕ್ಷ ಇಪ್ಪತ್ತು ಸಾವಿರ ನಕ್ಷತ್ರಗಳನ್ನು ನೋಡಿ, ಮೂರು ಸಾವಿರಕ್ಕೂ ಹೆಚ್ಚು ಜೋಡಿ ನಕ್ಷತ್ರಗಳ ಪಟ್ಟಿ ಮಾಡಿದರು. ಬರಿಗಣ್ಣಿಗೆ ಒಂದು, ದೂರದರ್ಶಕದಲ್ಲಿ ಎರಡು!

ಅದೇ 1824ರಲ್ಲಿ ದೊರೆ ಅವರಿಗೆ ಪದವಿ ಕೊಟ್ಟು ಗೌರವಿಸಿದರು. ಕಲ್ಲಿನ ರಾಶಿಯಿಂದ ಅವರನ್ನು ಹೊರತೆಗೆಯುವಾಗ ನಿಂತು ನೋಡಿದ್ದ ದೊರೆಯೇ ಅವರು. ಆದರೆ ಅಷ್ಟು ಹೊತ್ತಿಗೆ ಫ್ರೌನ್‌ಹೋಫರ್ ಅವರ ಆರೋಗ್ಯ ಕೆಡುತ್ತಿತ್ತು. ಅವರಿಗೆ ಕ್ಷಯರೋಗ. ಕುಲುಮೆಯ ಬಿಸಿ, ಸೀಸದ ಹೊಗೆ ಇವೂ ಎದೆಯನ್ನು ಹಾಳುಮಾಡಿರಬೇಕು. ಆ ಕಾಲದ ಗಾಜು ಕಾರ್ಮಿಕರಲ್ಲಿ ಅನೇಕರು ಹೆಚ್ಚು ದಿನ ಬದುಕುತ್ತಿರಲಿಲ್ಲ. 1826ರ ಜೂನ್ 7ರಂದು ಮ್ಯೂನಿಕ್‌ನಲ್ಲಿ ಅವರು ತೀರಿಕೊಂಡರು. ವಯಸ್ಸು ಕೇವಲ 39. ಮದುವೆಯಾಗಿರಲಿಲ್ಲ. ಅವರು ನಕ್ಷತ್ರಗಳನ್ನು ಹತ್ತಿರ ತಂದರೆಂಬ ಅರ್ಥದ ಎರಡು ಲ್ಯಾಟಿನ್ ಪದಗಳನ್ನು ಸಮಾಧಿಯ ಮೇಲೆ ಕೆತ್ತಿಸಿದರು.

ಗೆರೆಗಳು ಮಾತನಾಡಿದವು

ಕಪ್ಪು ಗೆರೆಗಳ ಅರ್ಥ ಗೊತ್ತಾದದ್ದು ಅವರು ಸತ್ತು 33 ವರ್ಷಗಳ ಮೇಲೆ. 1859ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕಿರ್ಚಾಫ್ ಮತ್ತು ಬುನ್ಸೆನ್ ಅದನ್ನು ಬಿಡಿಸಿದರು. ಕಾದ ಅನಿಲದಲ್ಲಿರುವ ಪ್ರತಿಯೊಂದು ಧಾತುವೂ ತನ್ನದೇ ಬಣ್ಣಗಳಲ್ಲಿ ಹೊಳಪಿನ ಗೆರೆ ಕೊಡುತ್ತದೆ. ಅದೇ ಅನಿಲ ಸ್ವಲ್ಪ ತಂಪಾಗಿದ್ದು, ಅದರ ಹಿಂದಿನಿಂದ ಪ್ರಖರ ಬೆಳಕು ಬಂದರೆ, ಅದೇ ಬಣ್ಣಗಳನ್ನು ನುಂಗಿ ಕಪ್ಪು ಗೆರೆ ಮಾಡುತ್ತದೆ. ಡಿ ಎಂದರೆ ಉಪ್ಪಿನಲ್ಲಿರುವ ಸೋಡಿಯಂ. ಸಿ ಮತ್ತು ಎಫ್ ಎಂದರೆ ಹೈಡ್ರೋಜನ್. ಸೂರ್ಯನಲ್ಲಿ ಏನಿದೆ ಎಂದು ಅಲ್ಲಿಗೆ ಹೋಗದೆಯೇ ಹೇಳಲು ಬಂತು!

1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನಮ್ಮ ದೇಶದ ಮೇಲೆ ಹಾದುಹೋಯಿತು. ಫ್ರಾನ್ಸಿನ ಜಾನ್ಸೆನ್ ಈಗಿನ ಆಂಧ್ರಪ್ರದೇಶದ ಗುಂಟೂರಿಗೆ ಬಂದು ಸೂರ್ಯನ ಅಂಚಿನ ಜ್ವಾಲೆಗಳ ರೋಹಿತ ನೋಡಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕ್ಯರ್ ಆ ಜ್ವಾಲೆಗಳಲ್ಲಿ ಒಂದು ಹಳದಿ ಗೆರೆಯನ್ನು ಅಳೆದು, ಅದು ಡಿ ಗೆರೆಯ ಪಕ್ಕದಲ್ಲಿದೆ, ಆದರೆ ಡಿ ಅಲ್ಲ ಎಂದು ಕಂಡುಕೊಂಡರು. ಭೂಮಿಯಲ್ಲಿ ಯಾರೂ ಕಾಣದ ಧಾತು ಅದು. ಹೀಲಿಯಂ ಎಂಬ ಹೆಸರು ಬಂತು. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ.

ಈ ಗೆರೆಗಳಿಗೆ ಇನ್ನೊಂದು ಗುಣವೂ ಇದೆ. ಹಾರ್ನ್ ಒತ್ತುತ್ತ ಬಸ್ಸು ನಿಮ್ಮತ್ತ ಬರುವಾಗ ಸದ್ದು ಕೀಚಾಗಿರುತ್ತದೆ, ದಾಟಿ ಹೋದೊಡನೆ ದಪ್ಪಗಾಗುತ್ತದೆ. ಬೆಳಕೂ ಹಾಗೆಯೇ. ನಮ್ಮತ್ತ ಬರುವ ನಕ್ಷತ್ರದ ಗೆರೆಗಳು ನೇರಳೆಯ ಕಡೆಗೆ ಸ್ವಲ್ಪ ಸರಿಯುತ್ತವೆ, ದೂರ ಹೋಗುವ ನಕ್ಷತ್ರದವು ಕೆಂಪಿನ ಕಡೆಗೆ. ದೂರದರ್ಶಕದಲ್ಲೂ ಬೇರ್ಪಡದಷ್ಟು ಹತ್ತಿರವಿರುವ ಜೋಡಿ ನಕ್ಷತ್ರಗಳು ಸಿಕ್ಕಿಬೀಳುವುದು ಇಲ್ಲಿಯೇ. ಒಂದನ್ನೊಂದು ಸುತ್ತುವಾಗ ಗೆರೆ ಅತ್ತಿತ್ತ ಜೀಕುತ್ತದೆ.

1964ರಲ್ಲಿ ರಾಕೆಟ್ಟಿನಲ್ಲಿ ಕಳಿಸಿದ ಉಪಕರಣ ರಾಜಹಂಸ ನಕ್ಷತ್ರಪುಂಜದ ಕಡೆಯಿಂದ ಕ್ಷ-ಕಿರಣ ಬರುವುದನ್ನು ಹಿಡಿಯಿತು. ಅದಕ್ಕೆ ಸಿಗ್ನಸ್ ಎಕ್ಸ್-1 ಎಂದು ಹೆಸರಿಟ್ಟರು. ಅಲ್ಲಿರುವ ಒಂದು ನೀಲಿ ನಕ್ಷತ್ರದ ಗೆರೆಗಳನ್ನು 1971ರಲ್ಲಿ ಇಂಗ್ಲೆಂಡಿನಿಂದ ಲೂಯಿಸ್ ವೆಬ್‌ಸ್ಟರ್ ಮತ್ತು ಪಾಲ್ ಮರ್ಡಿನ್, ಕೆನಡಾದಿಂದ ಟಾಮ್ ಬೋಲ್ಟನ್ ಅಳೆದರು. 5.6 ದಿನಗಳಿಗೊಮ್ಮೆ ಗೆರೆಗಳು ಹೋಗಿ ಬರುತ್ತಿದ್ದವು. ಯಾವುದೋ ಭಾರೀ ವಸ್ತುವನ್ನು ಆ ನಕ್ಷತ್ರ ಸುತ್ತುತ್ತಿದೆ, ಆದರೆ ಆ ವಸ್ತು ಕಾಣುತ್ತಿಲ್ಲ! ಅದು ಕಪ್ಪು ಕುಳಿ. 2021ರ ಲೆಕ್ಕದಂತೆ ಅದು ಸೂರ್ಯನ 21 ಪಟ್ಟು ಭಾರವಿದೆ.

ರಾಜಹಂಸದಲ್ಲೇ ಇನ್ನೊಂದಿದೆ, ಹೆಸರು ವಿ404 ಸಿಗ್ನಿ. ನನಗೆ ಇದರ ಮೇಲೆ ಹೆಚ್ಚು ಪ್ರೀತಿ. ಇಲ್ಲಿ ಸೂರ್ಯನ ಸುಮಾರು 9 ಪಟ್ಟು ಭಾರದ ಕಪ್ಪು ಕುಳಿಯನ್ನು ಒಂದು ಸಾಧಾರಣ ನಕ್ಷತ್ರ ಆರೂವರೆ ದಿನಗಳಿಗೊಮ್ಮೆ ಸುತ್ತುತ್ತದೆ. ಕಪ್ಪು ಕುಳಿ ಆ ನಕ್ಷತ್ರದ ಅನಿಲವನ್ನು ಎಳೆದುಕೊಳ್ಳುತ್ತದೆ. ಅನಿಲ ನೇರವಾಗಿ ಒಳಗೆ ಬೀಳದೆ, ಸುತ್ತುತ್ತ ತಟ್ಟೆಯಂತೆ ಹರಡಿ ನಿಲ್ಲುತ್ತದೆ. ಕೆರೆಗೆ ವರ್ಷಗಟ್ಟಲೆ ನೀರು ಬಂದು ಒಂದು ದಿನ ಕೋಡಿ ಬೀಳುವುದಿಲ್ಲವೇ? ಹಾಗೆ ತಟ್ಟೆ ತುಂಬಿ ಕಾದು, ಅನಿಲ ಒಮ್ಮೆಲೇ ಒಳಗೆ ನುಗ್ಗುತ್ತದೆ. ಆಗ ಕ್ಷ-ಕಿರಣವೂ ಬೆಳಕೂ ಭುಗಿಲೇಳುತ್ತವೆ. 1938ರಲ್ಲಿ ಹೀಗಾದಾಗ ಯಾವುದೋ ಹೊಸ ನಕ್ಷತ್ರ ಎಂದುಕೊಂಡರು. 1989ರಲ್ಲಿ ಜಪಾನಿನ ಗಿಂಗಾ ಉಪಗ್ರಹ ಅದರ ಕ್ಷ-ಕಿರಣ ಕಂಡಿತು. 2015ರ ಜೂನ್ 15ರಂದು ಮತ್ತೆ ಹೀಗಾಯಿತು.

ಆ ಸಲ ಜಗತ್ತಿನ ದೂರದರ್ಶಕಗಳೆಲ್ಲ ಅತ್ತ ತಿರುಗಿದವು. ಸ್ಪೇನ್ ದೇಶಕ್ಕೆ ಸೇರಿದ ಲಾ ಪಾಲ್ಮಾ ದ್ವೀಪದಲ್ಲಿ 10.4 ಮೀಟರ್ ಕನ್ನಡಿಯ ದೂರದರ್ಶಕವಿದೆ. ಅದು ರಾತ್ರಿ ರಾತ್ರಿ ವಿ404 ಸಿಗ್ನಿಯ ರೋಹಿತ ಹಿಡಿಯಿತು. ಫ್ರೌನ್‌ಹೋಫರ್ ಸಿ ಮತ್ತು ಎಫ್ ಎಂದು ಬರೆದ ಜಾಗಗಳಲ್ಲೇ ಹೈಡ್ರೋಜನ್ ಗೆರೆಗಳು ಇದ್ದವು, ಆದರೆ ಕಪ್ಪಾಗಿ ಅಲ್ಲ, ಹೊಳೆಯುತ್ತ. ಹಿಂದೆ ಈ ಜೋಡಿ ಶಾಂತವಾಗಿದ್ದಾಗ ಅಂಥ ಗೆರೆಗೆ ಎರಡು ಕೋಡು ಇರುವುದನ್ನು ನೋಡಿದ್ದರು. ಕಣದಲ್ಲಿ ರೋಣಗಲ್ಲು ಎಳೆಯುವ ಎತ್ತುಗಳನ್ನು ಬದಿಯಲ್ಲಿ ನಿಂತು ನೋಡಿ: ಅರ್ಧ ಸುತ್ತು ನಿಮ್ಮತ್ತ, ಅರ್ಧ ಸುತ್ತು ನಿಮ್ಮಿಂದ ದೂರ. ಸುತ್ತುವ ತಟ್ಟೆಯ ಅನಿಲವೂ ಹಾಗೆಯೇ. ಬರುವ ಬದಿಯ ಬೆಳಕು ಒಂದು ಕೋಡು, ಹೋಗುವ ಬದಿಯದು ಇನ್ನೊಂದು.

2015ರ ರೋಹಿತದಲ್ಲಿ ಹೊಸದೊಂದು ಕಂಡಿತು. ಹೀಲಿಯಂನ ಹಳದಿ ಗೆರೆ, ಅಂದರೆ 1868ರಲ್ಲಿ ಡಿ ಗೆರೆಯ ಪಕ್ಕ ಕಂಡದ್ದು, ಅದರ ನೇರಳೆ ಬದಿಯಲ್ಲಿ ಕಚ್ಚು ಹಾಕಿದಂತೆ ಕಪ್ಪಾಗಿತ್ತು. ಬೆಳಕಿನ ಮುಂದೆ ಯಾವುದೋ ಅನಿಲ ನಮ್ಮತ್ತ ನುಗ್ಗುತ್ತಿದೆ ಎಂದರ್ಥ. ತಟ್ಟೆಯಿಂದ ಹೊರಗೆ ಬೀಸುವ ಗಾಳಿ ಅದು. ವೇಗ ಸೆಕೆಂಡಿಗೆ 3,000 ಕಿಲೋಮೀಟರ್‌ವರೆಗೂ ಇತ್ತು. ಕಾಶ್ಮೀರದಿಂದ ಕನ್ಯಾಕುಮಾರಿಗೆ ಹತ್ತಿರ ಹತ್ತಿರ ಒಂದೇ ಸೆಕೆಂಡು! ಒಳಗೆ ಬೀಳಬೇಕಾಗಿದ್ದ ಅನಿಲದ ಬಹುಪಾಲು ಹೀಗೆ ಹೊರಗೇ ಹಾರಿಹೋಯಿತು. ಅದಕ್ಕೇ ಆ ಭುಗಿಲು ಎರಡೇ ವಾರಗಳಲ್ಲಿ ಇಳಿಯಿತು ಎಂದು ವಿಜ್ಞಾನಿಗಳು ಹೇಳಿದರು. ಈ ಜೋಡಿಗೆ ಬಹಳ ದೂರದಲ್ಲಿ ಮೂರನೆಯ ಸಂಗಾತಿ ನಕ್ಷತ್ರವೂ ಇದೆ ಎಂಬುದು 2024ರಲ್ಲಿ ತಿಳಿಯಿತು.

ಇಂಥ ಕೆಲಸ ನಮ್ಮ ಹತ್ತಿರವೂ ನಡೆಯುತ್ತದೆ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕುಳಿತೇ, ಉಪಗ್ರಹದ ಮೂಲಕ ತಿರುಗಿಸುತ್ತಾರೆ. ಅದಕ್ಕೂ ರೋಹಿತ ಹಿಡಿಯುವ ಉಪಕರಣ ಜೋಡಿಸಿದೆ.

ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಮೋಡವಿಲ್ಲದ ಸಂಜೆ, ಕತ್ತಲಾದ ಮೇಲೆ ಉತ್ತರದತ್ತ ಮುಖ ಮಾಡಿ ನಿಂತು ನೆತ್ತಿಯ ಕಡೆಗೆ ನೋಡಿ. ಶಿಲುಬೆಯ ಆಕಾರದಲ್ಲಿ ರೆಕ್ಕೆ ಚಾಚಿದ ರಾಜಹಂಸ ಕಾಣುತ್ತದೆ. ಅದರ ಬಾಲದಲ್ಲಿ ಹೊಳೆಯುವುದು ಡೆನೆಬ್. ಕುತ್ತಿಗೆಯ ನಡುವಿನ ಮಂಕು ನಕ್ಷತ್ರದ ಹತ್ತಿರ ಸಿಗ್ನಸ್ ಎಕ್ಸ್-1 ಇದೆ, ಬರಿಗಣ್ಣಿಗೆ ಕಾಣದು. ಒಂದು ರೆಕ್ಕೆಯ ಪಕ್ಕದಲ್ಲಿ 61 ಸಿಗ್ನಿ ಎಂಬ ಪುಟ್ಟ ಚುಕ್ಕೆಯಿದೆ. 1838ರಲ್ಲಿ ಬೆಸೆಲ್ ಎಂಬ ವಿಜ್ಞಾನಿ ಅದರ ದೂರವನ್ನು ಅಳೆದರು. ಸೂರ್ಯನನ್ನು ಬಿಟ್ಟರೆ ನಂಬಿಕೆಗೆ ಅರ್ಹವಾದ ರೀತಿಯಲ್ಲಿ ಮನುಷ್ಯರು ಮೊದಲು ಅಳೆದ ನಕ್ಷತ್ರದ ದೂರ ಅದೇ, ಸುಮಾರು 11 ಜ್ಯೋತಿರ್ವರ್ಷ. ಬೆಸೆಲ್ ಬಳಸಿದ ಉಪಕರಣ ಫ್ರೌನ್‌ಹೋಫರ್ ಅವರ ಕಾರ್ಖಾನೆಯದು. ಅದು ಅವರ ಕೈಗೆ ತಲುಪುವ ಹೊತ್ತಿಗೆ, 1829ರಲ್ಲಿ, ಅದನ್ನು ರೂಪಿಸಿದವರು ಇರಲಿಲ್ಲ.